ಸ್ಕೀಟ್ ಸಂಪಾದಿಸಿದ ಚಾಸರ್: ಏಳು ಸಂಪುಟಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು?

ಬೆಂಗಳೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುವವರಾಗಲಿ ಪಾಠ ಮಾಡುವವರಾಗಲಿ, ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನನ್ನು ಮೂಲದಲ್ಲೇ ಓದೋಣ ಎಂದು ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದರೆ ವಾಲ್ಟರ್ ವಿಲಿಯಂ ಸ್ಕೀಟ್ ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಕಾರಣ ಪಾಂಡಿತ್ಯವೊಂದೇ ಅಲ್ಲ. ಸ್ಕೀಟ್ ತೀರಿಕೊಂಡದ್ದು 1912ರಲ್ಲಿ. ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ, ಯಾರು ಬೇಕಾದರೂ ಅಚ್ಚು ಹಾಕಿ ಮಾರಬಹುದು, ಮಾರುತ್ತಲೂ ಇದ್ದಾರೆ. ಮೂಲ ಮುದ್ರಣ ಆಕ್ಸ್‌ಫರ್ಡ್‌ನ ಕ್ಲಾರೆಂಡನ್ ಪ್ರೆಸ್‌ನದು: 1894ರಲ್ಲಿ ಆರು ಸಂಪುಟ, 1897ರಲ್ಲಿ ಪುರವಣಿಯಾಗಿ ಏಳನೆಯದು. (ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಹೊರಬಂದದ್ದೂ ಅದೇ 1894ರಲ್ಲಿ. ಅದು ಇವತ್ತಿಗೂ ನಮ್ಮ ಮೇಜಿನ ಮೇಲಿದೆಯಲ್ಲ, ಹಾಗಾದರೆ ಸ್ಕೀಟ್ ಹಳತಾಯಿತು ಎಂದು ತಳ್ಳಿಹಾಕುವ ಹಾಗಿಲ್ಲ.)

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಐದನೆಯ ಮತ್ತು ಆರನೆಯ ಸಂಪುಟ ಕಾಗದದಲ್ಲೇ ಇರಲಿ. ಎರಡು ಮತ್ತು ಮೂರು, ಬೊಯೆಥಿಯಸ್ (ಚಾಸರ್ ಅನುವಾದಿಸಿದ ಲ್ಯಾಟಿನ್ ತತ್ವಜ್ಞಾನಿ) ಮತ್ತು ಖಗೋಳದಲ್ಲಿ ಆಸಕ್ತಿ ಇದ್ದವರಿಗೆ. ಒಂದು ಮತ್ತು ಏಳು ಪರದೆಯ ಮೇಲೆ ಓದಿದರೆ ಸಾಕು. ಎಲ್ಲರೂ ಮೊದಲು ಕೊಳ್ಳುವ ನಾಲ್ಕನೆಯದನ್ನು, ಅಂದರೆ ಯಾತ್ರಿಕರು ದಾರಿಯಲ್ಲಿ ಹೇಳುವ ಕಥೆಗಳಾದ ‘ಕ್ಯಾಂಟರ್ಬರಿ ಟೇಲ್ಸ್’ ಪಠ್ಯವನ್ನು, ಕೊಳ್ಳಲೇಬೇಡಿ. ಇದಕ್ಕೆ ಕಾರಣ ಸ್ಕೀಟ್ ಯಾರು, ಹೇಗೆ ಕೆಲಸ ಮಾಡುತ್ತಿದ್ದರು ಎನ್ನುವುದರಲ್ಲೇ ಇದೆ.

1835ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸ್ಕೀಟ್ ಓದಿದ್ದು ಗಣಿತ. ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಿಂದ 1858ರಲ್ಲಿ ಪದವಿ ಪಡೆದಾಗ ಗಣಿತದ ಆನರ್ಸ್ ಪಟ್ಟಿಯಲ್ಲಿ 14ನೆಯ ಸ್ಥಾನ. ಆಮೇಲೆ ಪಾದ್ರಿಯಾದರು, ನಾರ್ಫೋಕ್‌ನ ಈಸ್ಟ್ ಡೆರೆಹ್ಯಾಮ್‌ನಲ್ಲೂ ಆಮೇಲೆ ಗೊಡಾಲ್ಮಿಂಗ್‌ನಲ್ಲೂ ಚರ್ಚಿನ ಕೆಲಸ ಮಾಡಿದರು. ಗಂಟಲು ಕೈಕೊಟ್ಟಿತು. ಪ್ರವಚನ ಬಿಟ್ಟು 1864ರಲ್ಲಿ ಹಳೆಯ ಕಾಲೇಜಿಗೇ ಗಣಿತದ ಅಧ್ಯಾಪಕರಾಗಿ ಮರಳಿದರು. ಪಾಠದ ಹೊರೆ ಹಗುರ, ಸಮಯ ಬೇಕಾದಷ್ಟು. ಅದೇ ವರ್ಷ ಎಫ್. ಜೆ. ಫರ್ನಿವಾಲ್ ಹಳೆಯ ಇಂಗ್ಲಿಷ್ ಗ್ರಂಥಗಳನ್ನು ಅಚ್ಚು ಮಾಡಿಸಲು ‘ಅರ್ಲಿ ಇಂಗ್ಲಿಷ್ ಟೆಕ್ಸ್ಟ್ ಸೊಸೈಟಿ’ ಕಟ್ಟಿ, ಪುಕ್ಕಟೆ ಸಂಪಾದಕರನ್ನು ಹುಡುಕುತ್ತಿದ್ದರು. ಹಸ್ತಪ್ರತಿ ಓದಲು ಬಾರದು ಎಂದು ಸ್ಕೀಟ್ ಹಿಂಜರಿದರೆ, ಕಲಿತರಾಯಿತು ಎನ್ನುವುದು ಫರ್ನಿವಾಲ್ ಉತ್ತರ. ಕಲಿತರು. ಮರುವರ್ಷವೇ, 1865ರಲ್ಲಿ, ‘ಲಾನ್ಸಲಾಟ್ ಆಫ್ ದ ಲೈಕ್’ ಅಚ್ಚಾಯಿತು.

ಆಮೇಲೆ ಕೈ ನಿಲ್ಲಲಿಲ್ಲ. ‘ಪಿಯರ್ಸ್ ಪ್ಲೌಮನ್’ ಕಾವ್ಯದ ನಲವತ್ತಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ವಿಂಗಡಿಸಿ, ಅದಕ್ಕೆ ಎ, ಬಿ, ಸಿ ಎಂಬ ಮೂರು ಬೇರೆಬೇರೆ ರೂಪಗಳಿವೆ ಎಂದು ನಿಲ್ಲಿಸಿದವರು ಇವರು. ಆ ವಿಂಗಡಣೆಯ ಹೆಸರುಗಳನ್ನೇ ಇಂದಿಗೂ ಬಳಸುತ್ತಾರೆ. 1873ರಲ್ಲಿ ಉಪಭಾಷೆಗಳಿಗಾಗಿ ‘ಇಂಗ್ಲಿಷ್ ಡಯಲೆಕ್ಟ್ ಸೊಸೈಟಿ’ ಕಟ್ಟಿದರು. ಜೋಸೆಫ್ ರೈಟ್‌ರ ಉಪಭಾಷಾ ನಿಘಂಟಿಗೆ ಬುನಾದಿ ಬಿದ್ದದ್ದು ಅಲ್ಲಿ. 1878ರಲ್ಲಿ ಕೇಂಬ್ರಿಜ್‌ನಲ್ಲಿ ಆಂಗ್ಲೋ-ಸ್ಯಾಕ್ಸನ್ ಪೀಠ ಶುರುವಾದಾಗ ಮೊದಲ ಪ್ರಾಧ್ಯಾಪಕರಾಗಿ ಕೂತವರು ಸಾಯುವ ತನಕ ಎದ್ದೇಳಲಿಲ್ಲ. ವ್ಯುತ್ಪತ್ತಿ ನಿಘಂಟನ್ನು 1882ಕ್ಕೆ ಮುಗಿಸಿದರು. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಕಂತು ಬರಲು ಆಗ ಇನ್ನೂ ಎರಡು ವರ್ಷ ಬಾಕಿ. ಒಂದು ಪದದ ಮೂಲಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಕೊಡುತ್ತಿರಲಿಲ್ಲ, ಸಿಗದಿದ್ದರೆ ‘ಮೂಲ ತಿಳಿಯದು’ ಎಂದು ಬರೆದು ಮುಂದಿನದಕ್ಕೆ ಹೋಗುತ್ತಿದ್ದರು ಎನ್ನುವ ಮಾತಿದೆ. ಅವರ ಚಾಸರ್‌ನಲ್ಲೂ ಇದೇ ಸ್ವಭಾವ: ಚುರುಕು, ವ್ಯಾಪ್ತಿ, ಲೆಕ್ಕದ ಶಿಸ್ತು, ಜೊತೆಗೆ ಎಲ್ಲವನ್ನೂ ತಾನೇ ಮೊದಲಿನಿಂದ ನೋಡುತ್ತಾ ಕೂರದ ಅವಸರ.

ಅವಸರ ಎದ್ದು ಕಾಣುವುದು ನಾಲ್ಕನೆಯ ಸಂಪುಟದಲ್ಲಿ. ‘ಕ್ಯಾಂಟರ್ಬರಿ ಟೇಲ್ಸ್’ಗೆ ಎಂಬತ್ತಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. ಸ್ಕೀಟ್ ನೆಚ್ಚಿಕೊಂಡದ್ದು ಮುಖ್ಯವಾಗಿ ಫರ್ನಿವಾಲ್ ಚಾಸರ್ ಸೊಸೈಟಿಯಿಂದ ಅಚ್ಚು ಮಾಡಿಸಿದ್ದ ಆರು ಪ್ರತಿಗಳನ್ನು ಮತ್ತು ಹಾರ್ಲಿಯನ್ 7334 ಪ್ರತಿಯನ್ನು. ಅವುಗಳಲ್ಲಿ ಎಲ್ಸ್‌ಮಿಯರ್ ಪ್ರತಿಯೇ ಅವರಿಗೆ ಬೆನ್ನೆಲುಬು. ಅದು ಈಗ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯದಲ್ಲಿದೆ, ನೋಡಲು ಬಲು ಚಂದ. ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಹೆಂಗರ್ಟ್ ಪ್ರತಿ ಇದಕ್ಕಿಂತ ಹಳೆಯದು, ಕೈತಿದ್ದುಪಡಿ ಕಡಿಮೆ ಇರುವಂಥದ್ದು ಎಂದು ಹಲವು ವಿದ್ವಾಂಸರು ಈಗ ಒಪ್ಪುತ್ತಾರೆ. ಸ್ಕೀಟ್‌ಗೆ ಅದು ಅಡಿಟಿಪ್ಪಣಿಯ ಪಾಠಾಂತರ ಮಾತ್ರ.

ಇದರ ಮೇಲೆ ಕಾಗುಣಿತವನ್ನೂ ತಿದ್ದಿದ್ದಾರೆ. ‘ಟೇಲ್ಸ್’ನ ಮುನ್ನುಡಿ ಕಾವ್ಯದ ಮೊದಲ ಎರಡು ಸಾಲನ್ನೇ ನೋಡಿ. ‘ಸೋಟೆ’, ‘ರೋಟೆ’ ಎಂದು ಪ್ರಾಸ ಕೂಡುವ ಪದಗಳಿಗೆ ಎಲ್ಸ್‌ಮಿಯರ್ ಲಿಪಿಕಾರ ಎರಡೆರಡು ‘ಒ’ ಬರೆದಿದ್ದಾನೆ, ಸ್ಕೀಟ್ ಒಂದೊಂದಕ್ಕೆ ಇಳಿಸಿದ್ದಾರೆ. ಅವನು ‘ಹಿಸ್’ ಪದದ ಕೊನೆಗೆ ಹಾಕಿದ ‘ಇ’ (e) ಅಕ್ಷರವನ್ನು ತೆಗೆದಿದ್ದಾರೆ. ‘ಮಾರ್ಚ್’ ಪದದ ಕೊನೆಗೆ ಅವನು ಹಾಕದ ‘ಇ’ ಅಕ್ಷರವನ್ನು ತಾವೇ ಸೇರಿಸಿದ್ದಾರೆ. ಹೊಸ ಓದುಗರು ಎಡವುವುದು ಇಲ್ಲೇ. ‘ಸೋಟೆ’, ‘ರೋಟೆ’ಗಳ ಕೊನೆಯ ಸ್ವರವನ್ನು ಉಚ್ಚರಿಸಬೇಕು, ಅವು ಎರಡೆರಡು ಅಕ್ಷರದ ಪದಗಳು. ‘ಮಾರ್ಚೆ’ಯಲ್ಲಿ ಮುಂದಿನ ಪದ ಒತ್ತಿಲ್ಲದ ಹಕಾರದಿಂದ ಶುರುವಾಗುವುದರಿಂದ ನಮ್ಮ ಲೋಪಸಂಧಿಯ ಹಾಗೆ ಸ್ವರ ಬಿದ್ದುಹೋಗುತ್ತದೆ. ಅಚ್ಚಿನಲ್ಲಿ ಕಂಡ ‘ಇ’ಯನ್ನೆಲ್ಲ ಎಳೆದು ಓದಿದರೆ ಹನ್ನೊಂದು ಅಕ್ಷರದ ಎರಡನೆಯ ಸಾಲು ಹದಿಮೂರಾಗಿ ನಡೆ ಕುಂಟುತ್ತದೆ. ಪಠ್ಯ ಓದಲಿಕ್ಕೇ ಬೇಕಾದರೆ 1987ರ ರಿವರ್‌ಸೈಡ್ ಆವೃತ್ತಿ ಕೊಳ್ಳಿ: ಒಂದೇ ಸಂಪುಟ, ಕಷ್ಟಪದಗಳ ಅರ್ಥ ಅದೇ ಪುಟದ ಕೆಳಗೆ. ತೂಕ ಜಾಸ್ತಿ, ಅಕ್ಷರ ಸಣ್ಣದು, ಆದರೂ ಪಠ್ಯದ ಮಟ್ಟಿಗೆ ಅದು ವಾಸಿ.

ಹಾಗಾದರೆ ಸ್ಕೀಟ್ ಯಾಕೆ? ಐದನೆಯ ಸಂಪುಟಕ್ಕಾಗಿ. ಇಡೀ ಸಂಪುಟ ಟಿಪ್ಪಣಿಯೇ. ರಿವರ್‌ಸೈಡ್‌ನ ಟಿಪ್ಪಣಿ ಇಂಥವರು ಇಂಥ ಲೇಖನದಲ್ಲಿ ಹೀಗೆಂದಿದ್ದಾರೆ ಎಂದು ದಾರಿ ತೋರಿಸುತ್ತದೆ. ಅಮೆರಿಕದ ವಿಶ್ವವಿದ್ಯಾಲಯದ ಗ್ರಂಥಾಲಯ ಪಕ್ಕದಲ್ಲಿದ್ದರೆ ಅದು ಸಾಕು. ಜ್ಞಾನಭಾರತಿಯಲ್ಲೋ ಜಯನಗರದ ಮನೆಯಲ್ಲೋ ಕೂತವರಿಗೆ ಆ ಲೇಖನ ಕೈಗೆಟುಕುವುದಿಲ್ಲ. ಸ್ಕೀಟ್ ಹಾಗೆ ಮಾಡುವುದಿಲ್ಲ, ಲ್ಯಾಟಿನ್ ಅಥವಾ ಫ್ರೆಂಚ್ ಆಕರದ ಸಾಲನ್ನೇ ಎತ್ತಿ ಕೊಟ್ಟು ಲೆಕ್ಕವನ್ನೂ ಅಲ್ಲೇ ಬಿಡಿಸುತ್ತಾರೆ.

ಒಂದು ಉದಾಹರಣೆ. ಏಪ್ರಿಲ್ ತಿಂಗಳ ವರ್ಣನೆಯಲ್ಲಿ ಸೂರ್ಯ ಮೇಷದಲ್ಲಿ ತನ್ನ ಅರ್ಧ ಓಟ ಓಡಿದ್ದಾನೆ ಎನ್ನುತ್ತಾನೆ ಚಾಸರ್. ಪಂಚಾಂಗ ನೋಡಿ ಬೆಳೆದವರು ‘ಏಪ್ರಿಲ್ 14ರ ಸುಮಾರಿಗೆ ಮೇಷ ಸಂಕ್ರಮಣ, ಅರ್ಧ ಎಂದರೆ ತಿಂಗಳ ಕೊನೆ’ ಎಂದು ಲೆಕ್ಕ ಹಾಕಿಬಿಡುವ ಅಪಾಯವಿದೆ. ನಮ್ಮದು ನಿರಯಣ (ರಾಶಿಯನ್ನು ನಕ್ಷತ್ರದಿಂದ ಎಣಿಸುವುದು), ಚಾಸರ್‌ನದು ಸಾಯನ (ವಿಷುವದಿಂದ ಎಣಿಸುವುದು), ಅದರ ಮೇಲೆ ಜೂಲಿಯನ್ ಕ್ಯಾಲೆಂಡರು. ಅವನ ಕಾಲದಲ್ಲಿ ಸೂರ್ಯ ಮೇಷಕ್ಕೆ ಬರುತ್ತಿದ್ದದ್ದು ಮಾರ್ಚ್ 12ರ ಸುಮಾರಿಗೆ, ಬಿಡುತ್ತಿದ್ದದ್ದು ಏಪ್ರಿಲ್ 11ರ ಸುಮಾರಿಗೆ. ಅಂದರೆ ಮೇಷದ ಒಂದರ್ಧ ಮಾರ್ಚಿನಲ್ಲಿ, ಇನ್ನೊಂದರ್ಧ ಏಪ್ರಿಲ್‌ನಲ್ಲಿ. ಕವಿ ಹೇಳುವ ಓಟ ಈ ಎರಡನೆಯ ಅರ್ಧ, ಅದು ಮುಗಿದಿದೆ ಎಂದು ಸ್ಕೀಟ್ ಬಿಡಿಸುತ್ತಾರೆ.

ಇದಕ್ಕೆ ಜೋಡಿಯಾಗಿ ವಕೀಲನ ಕಥೆಯ ಪೀಠಿಕೆಯ ಟಿಪ್ಪಣಿ ಓದಬೇಕು. ಅಲ್ಲಿ ದಿನ ಏಪ್ರಿಲ್ 18. ಮರದ ನೆರಳು ಮರದಷ್ಟೇ ಉದ್ದ ಇದೆ, ಆದ್ದರಿಂದ ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾನೆ, ಆದ್ದರಿಂದ ಗಂಟೆ ಹತ್ತು ಎಂದು ಹೋಟೆಲಿನ ಯಜಮಾನ ತೀರ್ಮಾನಿಸುತ್ತಾನೆ. ಕವಿಯ ಅಕ್ಷಾಂಶಕ್ಕೆ, ಅಂದರೆ 52 ಡಿಗ್ರಿಯ ಆಸುಪಾಸಿಗೆ, ಲೆಕ್ಕ ಹಾಕಿದರೆ ಹತ್ತು ಗಂಟೆಗೆ ಕೆಲವೇ ನಿಮಿಷಗಳ ಆಚೀಚೆ ಸರಿಯಾಗಿ ಕೂರುತ್ತದೆ. ಬೆಂಗಳೂರಿನಲ್ಲಿ ಪರೀಕ್ಷಿಸುವವರು ಎರಡು ತಿದ್ದುಪಡಿ ಮಾಡಿಕೊಳ್ಳಬೇಕು. ಜೂಲಿಯನ್ ಏಪ್ರಿಲ್ 18 ಎಂದರೆ ಈಗಿನ ಏಪ್ರಿಲ್ 26. ನಮ್ಮ ಅಕ್ಷಾಂಶ 13 ಡಿಗ್ರಿ, ಆ ದಿನ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಬರುತ್ತಾನೆ. ಹಾಗಾಗಿ ಕಬ್ಬನ್ ಪಾರ್ಕಿನ ಮರದ ನೆರಳು ಮರದಷ್ಟೇ ಉದ್ದವಾಗುವುದು ಗಡಿಯಾರದ ಒಂಬತ್ತೂ ಕಾಲರ ಸುಮಾರಿಗೇ. ಹತ್ತು ಗಂಟೆಗೆ ನೆರಳು ಆಗಲೇ ಗಿಡ್ಡವಾಗಿರುತ್ತದೆ.

ಗಣಿತದ ಮೇಷ್ಟ್ರು ಸಂಪಾದಕರಾದದ್ದರ ಲಾಭ ಮೂರನೆಯ ಸಂಪುಟದಲ್ಲೂ ಸಿಗುತ್ತದೆ. ಹತ್ತು ವರ್ಷದ ಮಗ ಲೂಯಿಗಾಗಿ ಚಾಸರ್ ಬರೆದ ಅಸ್ಟ್ರೋಲೇಬ್ (ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಉಪಕರಣ) ಕೈಪಿಡಿ ಅದರಲ್ಲಿದೆ, ಅದರ ಉದಾಹರಣೆಗಳ ವರ್ಷ 1391. ಸ್ಕೀಟ್ ಇದನ್ನು 1872ರಲ್ಲೇ ಬೇರೆಯಾಗಿ ಸಂಪಾದಿಸಿದ್ದರು. ಉಪಕರಣದ ಚಿತ್ರಗಳಿವೆ, ಲೆಕ್ಕಗಳನ್ನು ಹಂತ ಹಂತವಾಗಿ ನೋಡಿದ್ದಾರೆ. ಚಿತ್ರಗಳು ಚೆನ್ನಾಗಿ ಮೂಡಿರುವ ಪ್ರತಿ ಸಿಕ್ಕರೆ ಮಾತ್ರ ಕೊಳ್ಳಿ, ಅವು ಮಸುಕಾದರೆ ಕೈಪಿಡಿ ಅರ್ಥವಾಗುವುದಿಲ್ಲ.

ಆರನೆಯದು ಪದಕೋಶ, ಸೂಚಿ. ಬಳಸಲು ಸ್ವಲ್ಪ ಅಭ್ಯಾಸ ಬೇಕು. ಉಲ್ಲೇಖದಲ್ಲಿ ಎ, ಬಿ, ಸಿ ಅಕ್ಷರಗಳು ಕಥೆಗಳ ಗುಂಪುಗಳು. ಬರೀ ಅಂಕಿ ಬಂದರೆ ಅದು ಸಣ್ಣ ಕವಿತೆಗಳ ಕ್ರಮಸಂಖ್ಯೆ: 3 ಎಂದರೆ ‘ಬುಕ್ ಆಫ್ ದ ಡಚೆಸ್’, 5 ಎಂದರೆ ಹಕ್ಕಿಗಳ ಸಭೆಯ ಕಾವ್ಯ. ಕೈಯಲ್ಲಿ ರಿವರ್‌ಸೈಡ್ ಇಟ್ಟುಕೊಂಡು ಸ್ಕೀಟ್ ಕೋಶದಲ್ಲಿ ಪದ ಹುಡುಕುವವರಿಗೆ ಒಂದು ಕಿವಿಮಾತು: ಪದ ಸಿಗದಿದ್ದರೆ ಜೋಡಿ ಸ್ವರವನ್ನು ಒಂಟಿ ಮಾಡಿ, ‘ಐ’ ಇದ್ದ ಕಡೆ ‘ವೈ’ ಹಾಕಿ ನೋಡಿ. ಹೆಚ್ಚಿನ ಪದಗಳು ಹಾಗೆ ಸಿಕ್ಕಿಬಿಡುತ್ತವೆ. ವ್ಯುತ್ಪತ್ತಿಯ ಮಾತು ಬಂದಾಗ ಮಾತ್ರ ಸ್ಕೀಟ್ ಮೇಲೆ ಪೂರ್ತಿ ಭಾರ ಹಾಕಬೇಡಿ. ಮಿಶಿಗನ್ ವಿಶ್ವವಿದ್ಯಾಲಯ 1952ರಿಂದ 2001ರವರೆಗೆ ಕಂತು ಕಂತಾಗಿ ಹೊರತಂದ ಮಧ್ಯಕಾಲೀನ ಇಂಗ್ಲಿಷ್ ನಿಘಂಟು ಈಗ ಅಂತರ್ಜಾಲದಲ್ಲಿ ಉಚಿತ. ಅನುಮಾನ ಬಂದ ಪದವನ್ನು ಅಲ್ಲಿ ನೋಡಿ.

ಸಾಲುಗಳ ಸಂಖ್ಯೆಯದು ದೊಡ್ಡ ಕಿರಿಕಿರಿ. ಪರೀಕ್ಷೆಗೆ ಓದುವವರು ಟಿಪ್ಪಣಿ ಸಿಗಲಿಲ್ಲ ಎಂದು ಸ್ಕೀಟ್‌ನನ್ನು ಮೂಲೆಗೆ ಎಸೆಯುವುದು ಇದಕ್ಕೇ. ಸ್ಕೀಟ್ ಕಥೆಗಳನ್ನು ಎ ಇಂದ ಐ ತನಕ ಒಂಬತ್ತು ಗುಂಪು ಮಾಡುತ್ತಾರೆ, ರಿವರ್‌ಸೈಡ್ ಹತ್ತು ಭಾಗ ಮಾಡುತ್ತದೆ. ಕ್ರಮವೂ ಬೇರೆ: ಬಾತ್ ಊರಿನ ಹೆಂಗಸಿನ ಕಥೆ ರಿವರ್‌ಸೈಡ್‌ನಲ್ಲಿ ಮೂರನೆಯ ಭಾಗ, ಸ್ಕೀಟ್‌ನಲ್ಲಿ ಗುಂಪು ಡಿ. ಎ ಗುಂಪು ಒಂದನೆಯ ಭಾಗ, ಬಿ ಗುಂಪಿನ ಮೊದಲರ್ಧ ಎರಡನೆಯದು, ಡಿ ಮೂರು, ಇ ನಾಲ್ಕು, ಎಫ್ ಐದು, ಸಿ ಆರು, ಬಿ ಗುಂಪಿನ ಉಳಿದದ್ದು ಏಳು, ಜಿ ಎಂಟು, ಎಚ್ ಒಂಬತ್ತು, ಐ ಹತ್ತು. ಇದನ್ನು ಒಂದು ಚೀಟಿಯಲ್ಲಿ ಬರೆದು ಐದನೆಯ ಸಂಪುಟದ ರಟ್ಟಿನೊಳಗೆ ಅಂಟಿಸಿಡಿ. ಏಳನೆಯ ಭಾಗ ಬಿಟ್ಟು ಉಳಿದವುಗಳಲ್ಲಿ ಸಾಲಿನ ಅಂಕಿ ತಾಳೆಯಾಗುತ್ತದೆ. ಏಳನೆಯದರಲ್ಲಿ ರಿವರ್‌ಸೈಡ್ ಅಂಕಿಗೆ 1190 ಕೂಡಿಸಿ. ಹುಂಜ ಚಾಂಟಿಕ್ಲೀರನ ಕಥೆಯ ಮೊದಲ ಸಾಲು ಅಲ್ಲಿ 2821, ಸ್ಕೀಟ್‌ನ ಬಿ ಗುಂಪಿನಲ್ಲಿ 4011.

ಏಳನೆಯ ಸಂಪುಟ ಚಾಸರ್‌ನದೇ ಅಲ್ಲ, ಅವನ ಹೆಸರಿಗೆ ಜನ ಅಂಟಿಸಿದ್ದ ಬೇರೆಯವರ ಬರಹಗಳದು. ಕೊಳ್ಳಬೇಕಿಲ್ಲ. ಆದರೆ ಅದರ ಪ್ರಸ್ತಾವನೆಯಲ್ಲಿ ಒಂದು ಸ್ವಾರಸ್ಯವಿದೆ, ವಚನದ ಅಂಕಿತ ನೋಡಿ ಕರ್ತೃವನ್ನು ಗುರುತಿಸುವವರಿಗೆ ಹಿಡಿಸುತ್ತದೆ. ‘ಟೆಸ್ಟಮೆಂಟ್ ಆಫ್ ಲವ್’ ಎಂಬ ಗದ್ಯದ ಅಧ್ಯಾಯಗಳ ಮೊದಲಕ್ಷರ ಜೋಡಿಸಿದರೆ ಒಂದು ವಾಕ್ಯ ಬರುತ್ತದೆ ಎಂದು ಸ್ಕೀಟ್ ಕಂಡುಹಿಡಿದರು: ಮಾರ್ಗರೆಟ್ ಎಂಬ ಗುಣವತಿ ಯಾರ ಮೇಲೋ ಕರುಣೆ ತೋರಲಿ ಎಂಬ ಪ್ರಾರ್ಥನೆ. ಕೊನೆಯ ಕೆಲವು ಅಕ್ಷರ ಮಾತ್ರ ಕಲಸಿಹೋಗಿದ್ದವು, ಅವರು ‘ಕಿಟ್ಸನ್’ ಎಂದು ಊಹಿಸಿದರು. ಹಾಳೆಗಳೇ ಹಿಂದುಮುಂದಾಗಿವೆ ಎಂದು ತೋರಿಸಿ ಸರಿಯಾದ ಕ್ರಮದಲ್ಲಿ ಜೋಡಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ. ಆಗ ಬಂದದ್ದು ‘ನಿನ್ನ ಅಸ್ಕ್’. ಅಂದರೆ ಥಾಮಸ್ ಅಸ್ಕ್, ರಾಜಕೀಯದಲ್ಲಿ ಸಿಕ್ಕಿಬಿದ್ದು 1388ರಲ್ಲಿ ತಲೆ ಕಳೆದುಕೊಂಡ ಲಂಡನ್ನಿನ ಬರಹಗಾರ.

ಇನ್ನು ಕೊಳ್ಳುವ ವಿಚಾರ. ಬೇಡಿಕೆ ಬಂದಾಗ ಅಚ್ಚು ಹಾಕಿ ಕಳಿಸುವ ಮರುಮುದ್ರಣಗಳಲ್ಲಿ ಎರಡು ಜಾತಿ. ಒಂದು, ಹಳೆಯ ಪುಟದ ಚಿತ್ರವನ್ನೇ ಮುದ್ರಿಸಿದ್ದು. ಇನ್ನೊಂದು, ಯಂತ್ರದಿಂದ ಅಕ್ಷರ ಗುರುತಿಸಿ ಹೊಸದಾಗಿ ಜೋಡಿಸಿದ್ದು. ಎರಡನೆಯದನ್ನು ಮುಟ್ಟಬೇಡಿ. ಸಾಲಿನ ಅಂಕಿ ಪದ್ಯದೊಳಗೆ ನುಗ್ಗಿರುತ್ತದೆ, ಅಡಿಟಿಪ್ಪಣಿ ಪುಟದ ನಡುವೆ ಬಂದು ಕೂತಿರುತ್ತದೆ, ಇಟಾಲಿಕ್ ಮಾಯವಾಗಿರುತ್ತದೆ. ಸ್ಕೀಟ್‌ನಲ್ಲಿ ಇಟಾಲಿಕ್ ಹೋದರೆ ಯಾವುದು ಚಾಸರ್‌ನ ಪದ, ಯಾವುದು ಸಂಪಾದಕರ ವಿವರಣೆ ಎಂದೇ ತಿಳಿಯದು. ಆನ್‌ಲೈನ್‌ನಲ್ಲಿ ಒಳಪುಟದ ಚಿತ್ರ ತೋರಿಸದ ಮಾರಾಟಗಾರರಿಂದ ತರಿಸಲೇಬೇಡಿ.

ಪುಟದ ಚಿತ್ರದ ಜಾತಿಯಲ್ಲೂ ಪರೀಕ್ಷೆ ಮಾಡಬೇಕು. ರಟ್ಟಿನ ಮೇಲೆ ‘ಸಂಪೂರ್ಣ ಕೃತಿಗಳು’ ಎಂದಿದ್ದರೂ ಒಳಗಿರುವುದು ಒಂದೇ ಸಂಪುಟ. ಕಥೆ ಓದಲು ತರಿಸಿದವರಿಗೆ ಬರೀ ಟಿಪ್ಪಣಿಯ ಐದನೆಯದು ಬಂದು ತಲುಪುವುದು ಹೀಗೆ. ಶೀರ್ಷಿಕೆ ಪುಟದಲ್ಲಿ ಸಂಪುಟದ ಸಂಖ್ಯೆ ನೋಡಿ. ಕೈಗೆ ಬಂದ ದಿನವೇ ಪುಟಸಂಖ್ಯೆಗಳನ್ನು ಕೊನೆತನಕ ಒಮ್ಮೆ ತಿರುವಿ, ಎರಡು ಹಾಳೆ ಅಂಟಿಕೊಂಡು ಸ್ಕ್ಯಾನ್ ಆಗಿದ್ದರೆ ಎರಡು ಪುಟ ಹಾರಿರುತ್ತದೆ. ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಮೂಲೆಯಲ್ಲಿ ಕಾಣುವುದೂ ಉಂಟು. ಹಿಂತಿರುಗಿಸುವ ಗಡುವು ಮುಗಿದ ಮೇಲೆ ಇದು ಗೊತ್ತಾಗಿ ಪ್ರಯೋಜನವಿಲ್ಲ.

ಇದಕ್ಕಿಂತ ಒಳ್ಳೆಯ ದಾರಿ ನೀವೇ ಅಚ್ಚು ಹಾಕಿಸುವುದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಪ್ರತಿಗಳು ಉಚಿತ. ಒಂದೇ ಸಂಪುಟಕ್ಕೆ ಹಲವು ಸ್ಕ್ಯಾನ್ ಇರುತ್ತವೆ, ಅಡಿಟಿಪ್ಪಣಿ ಸ್ಪಷ್ಟವಾಗಿರುವುದನ್ನು ಆರಿಸಿ. ಮೊದಲು ಅಂಚಿನ ಖಾಲಿ ಜಾಗ ಕತ್ತರಿಸಿ. ಆಮೇಲೆ ಕಂದು ಹಿನ್ನೆಲೆಯನ್ನು ಕಪ್ಪುಬಿಳುಪಿಗೆ ತಿರುಗಿಸಿ, ಹಾಗೇ ಜೆರಾಕ್ಸ್ ಅಂಗಡಿಗೆ ಕೊಟ್ಟರೆ ಪುಟವೆಲ್ಲ ಬೂದಿ ಬಳಿದಂತೆ ಬರುತ್ತದೆ. ತಿರುಗಿಸುವಾಗ ಕಪ್ಪುಬಿಳುಪಿನ ಮಿತಿಯನ್ನು ಜಾಸ್ತಿ ಎಳೆದರೆ ಹಿನ್ನೆಲೆ ಬೆಳ್ಳಗಾಗುತ್ತದೆ, ಜೊತೆಗೆ ಟಿಪ್ಪಣಿಯ ಸಣ್ಣ ಅಕ್ಷರದ ತೆಳು ಗೆರೆಗಳೂ ಹಾರಿಹೋಗುತ್ತವೆ. ಪದಕೋಶದ ಒಂದು ಪುಟ ಪರೀಕ್ಷೆಗೆ ತೆಗೆಸಿ, ಪೂರ್ಣವಿರಾಮವೂ ಅಲ್ಪವಿರಾಮವೂ ಬೇರೆಬೇರೆಯಾಗಿ ಕಂಡರೆ ಮುಂದುವರಿಯಿರಿ.

ಗಾತ್ರ ಎ5 ಸಾಕು. ಎ4 ಹಾಳೆಯ ಎರಡೂ ಬದಿಗೆ ಎರಡೆರಡು ಪುಟ, ಬುಕ್‌ಲೆಟ್ ಕ್ರಮದಲ್ಲಿ. ನಾಲ್ಕು ಹಾಳೆ ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಇಡೀ ಪುಸ್ತಕವನ್ನು ಒಂದೇ ಬುಕ್‌ಲೆಟ್ ಎಂದು ಆಜ್ಞೆ ಕೊಟ್ಟರೆ ಮಡಚಲಾಗದ ಕಟ್ಟು ಬರುತ್ತದೆ, ಹದಿನಾರು ಹದಿನಾರು ಪುಟಕ್ಕೆ ಒಡೆದು ಕೊಡಿ. ಐನೂರಕ್ಕಿಂತ ಹೆಚ್ಚು ಪುಟದ ಐದನೆಯ ಸಂಪುಟಕ್ಕೆ ಮೂವತ್ತಕ್ಕೂ ಮೇಲೆ ಫಾರಂ ಆಗುತ್ತವೆ. ಅವೆನ್ಯೂ ರಸ್ತೆಯ ಸುತ್ತಮುತ್ತಲಿನ ಬೈಂಡಿಂಗ್‌ನವರಲ್ಲಿ ‘ನೂಲು ಹೊಲಿಗೆ, ಕ್ಯಾಲಿಕೊ ಬೈಂಡ್’ ಎಂದೇ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಬೆನ್ನು ಕತ್ತರಿಸಿ ಅಂಟು ಹಚ್ಚಿ ಕೊಡುತ್ತಾರೆ. ಪಠ್ಯದ ಪಕ್ಕದಲ್ಲಿ ಬಿಚ್ಚಿಟ್ಟು ಓದುವ ಟಿಪ್ಪಣಿ ಪುಸ್ತಕಕ್ಕೆ ಅಂಟಿನ ಬೆನ್ನು ಬಾಳುವುದಿಲ್ಲ, ಮಧ್ಯದಲ್ಲಿ ಸೀಳಿ ಹಾಳೆ ಉದುರುತ್ತದೆ.

ಪರದೆಯಲ್ಲಿ ಓದುವುದಕ್ಕೆ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಜನ ಕೂತು ತಿದ್ದಿದ ಪಠ್ಯವಿದೆ. ಪದ ಹುಡುಕಲು ಅದೇ ಒಳ್ಳೆಯದು, ಸ್ಕ್ಯಾನ್ ಪ್ರತಿಯೊಳಗಿನ ಹುಡುಕಾಟ ಹಳೆಯ ಕಾಗುಣಿತದಲ್ಲಿ ಕೈಕೊಡುತ್ತದೆ. ಫೋನಿನಲ್ಲಿ ಮಾತ್ರ ಬೇಡ: ಸಾಲು ಮುರಿದು ಪದ್ಯದ ಆಕಾರವೇ ಹೋಗುತ್ತದೆ.

ಏಳೂ ಬೇಡ, ಮನೆಯಲ್ಲೊಂದು ಸ್ಕೀಟ್ ಇದ್ದರೆ ಸಾಕು ಎನ್ನುವವರಿಗೆ 1895ರ ‘ಸ್ಟೂಡೆಂಟ್ಸ್ ಚಾಸರ್’ ಇದೆ: ಒಂದೇ ಸಂಪುಟದಲ್ಲಿ ಎಲ್ಲ ಪಠ್ಯ, ಕೊನೆಗೆ ಪದಕೋಶ, ಟಿಪ್ಪಣಿ ಇಲ್ಲ. ಚರ್ಚ್ ಸ್ಟ್ರೀಟ್ ಕಡೆಯ ಹಳೆ ಪುಸ್ತಕದಂಗಡಿಗಳಲ್ಲಿ ಸಿಕ್ಕರೆ ಬೆಲೆ ಮಾತಾಡುವ ಮೊದಲು ಹಿಂದಿನಿಂದ ತೆರೆದು ನೋಡಿ. ಹೆಚ್ಚು ಕೈಯಾಡಿ ಮೊದಲು ಕಿತ್ತುಬರುವುದು ಕೊನೆಯಲ್ಲಿರುವ ಪದಕೋಶದ ಹಾಳೆಗಳೇ.